ಹದಿನೇಳು ನಿಮಿಷ

ಬಲಕ್ಕೆ ಇಂಡಿಕೇಟರ್ ಹಾಕಿಕೊಂಡು ನೇರ ಹೋಗುವ ಆಟೋ ಕಂಡರೆ ಗೋವಿಂದರಾಜು ಅಂಕಲ್ ಕೊಡೆ ಅಡ್ಡ ಹಿಡಿದು ನಿಲ್ಲಿಸುತ್ತಿದ್ದರು. ಜೋಗುಪಾಳ್ಯದ ತಿರುವಿನಲ್ಲಿ ಸಂಜೆಯಾದರೆ ಇದೇ ರಂಪ.

"ಯಾಕಪ್ಪಾ ಸುಳ್ಳು ಹೇಳ್ತಿದ್ದೀಯ?"

"ಅರೆ ಬಾಬಾ, ನಾನು ಬಾಯೇ ಬಿಟ್ಟಿಲ್ವಲ್ಲ!"

"ನೀನಲ್ಲ, ನಿನ್ ಲೈಟು ಹೇಳ್ತಿದೆ. ಆರ್ಸು ಅದನ್ನ."

ಹಗಲಲ್ಲಿ ಉರಿಯುವ ಬೀದಿದೀಪ ಕಂಡರೂ ಅವರಿಗೆ ಅಷ್ಟೇ ಸಿಟ್ಟು. ಹಲಸೂರು ಕೆರೆ ಬಿಟ್ಟರೆ ಬೇರೆ ದೊಡ್ಡ ನೀರನ್ನೇ ನೋಡದೆ ಬೆಳೆದವರು, ಇಪ್ಪತ್ತೇಳನೇ ವಯಸ್ಸಿಗೆ ಕರಾವಳಿಯ ದೀಪಸ್ತಂಭವೊಂದರಲ್ಲಿ ದೀಪ ಕಾಯುವ ಕೆಲಸಕ್ಕೆ ಸೇರಿದ್ದರು. ತೊಂಬತ್ತರ ದಶಕದ ಶುರುವಿನಲ್ಲಿ ನಿವೃತ್ತರಾಗಿ ಮಗಳ ಮನೆಗೆ ಬಂದರು. ಆ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನಾನು ಕಿಟಕಿಯ ಗಾಜು ಒರೆಸುತ್ತಿದ್ದರೆ ಆ ಕಡೆಯಿಂದ ಅವರ ದನಿ ಬರುತ್ತಿತ್ತು. "ಉಂಗುರ ಬಿಚ್ಚಿಟ್ಟು ಒರ್ಸಮ್ಮಾ. ಗಾಜಿಗೆ ಗೀರು ಬಿದ್ರೆ ಹೋಗಲ್ಲ." ದೀಪದ ಸುತ್ತಲಿನ ಆಳೆತ್ತರದ ಗಾಜನ್ನು ಮೂವತ್ತೊಂದು ವರ್ಷ ಒರೆಸಿದ್ದರು. ಅವರ ಮದುವೆಯ ಉಂಗುರ ಅಷ್ಟೂ ವರ್ಷ ಪೆಟ್ಟಿಗೆಯಲ್ಲೇ ಇತ್ತು.

"ಒಂದೊಂದು ದೀಪಕ್ಕೂ ಅದರದ್ದೇ ಗುರುತಿರುತ್ತೆ," ಎನ್ನುತ್ತಿದ್ದರು. "ನಮ್ದು ಎರಡು ಸಲ ಹೊಳೆದು, ಹತ್ತು ಎಣಿಸೋವರೆಗೂ ಕತ್ತಲೆ. ಪಕ್ಕದ ದೀಪದ್ದು ಬೇರೆ. ದೋಣಿಯೋನು ಸುಮ್ನೆ ಎಣಿಸಿದ್ರೆ ಸಾಕು, ಎಲ್ಲಿದ್ದೀನಿ ಅಂತ ಗೊತ್ತಾಗುತ್ತೆ. ಓದು ಬರದೋನೂ ಓದ್ಬಹುದಾದ ಬರಹ ಅದು."

ಒಂದು ಭಾನುವಾರ ಮಧ್ಯಾಹ್ನ ಕಾಫಿ ಕುಡಿಯುತ್ತಾ ಆ ಹದಿನೇಳು ನಿಮಿಷದ ಕಥೆ ಹೇಳಿದರು. ಆಗ ಅದು ಸೀಮೆಎಣ್ಣೆಯ ದೀಪ. ಪೆಟ್ರೋಮ್ಯಾಕ್ಸಿನ ಹಾಗೆ ಆಗಾಗ ಪಂಪು ಹೊಡೆಯದಿದ್ದರೆ ಆರುತ್ತದೆ. ಒಂದು ರಾತ್ರಿ ಅಂಕಲ್‌ಗೆ ನಿದ್ದೆ ಹತ್ತಿತು. ಬಂದರಿನ ಕಾವಲುಗಾರ ಕತ್ತಲಾದದ್ದನ್ನು ಕಂಡು, ಗಡಿಯಾರ ನೋಡಿಕೊಂಡು, ಸೈಕಲ್ ತುಳಿದು ಬಂದು ಎಬ್ಬಿಸಿದ. ದೀಪ ಮತ್ತೆ ಹೊತ್ತುವಷ್ಟರಲ್ಲಿ ಹದಿನೇಳು ನಿಮಿಷ ಕಳೆದಿತ್ತು. ಅಷ್ಟರೊಳಗೆ ದೇವು ಎಂಬ ಮೀನುಗಾರನ ದೋಣಿ ಬಂಡೆಗೆ ಬಡಿದಿತ್ತು. ಜೊತೆಗಿದ್ದ ಇಬ್ಬರು ಈಜಿ ದಡ ಸೇರಿದರು, ದೇವು ಬರಲಿಲ್ಲ. ಕುಡಿದು ದೋಣಿ ನಡೆಸಿದ ಎಂದು ಊರು ಮಾತಾಡಿಕೊಂಡಿತು.

"ಮೇಲಿನೋರು 'ದೀಪ ಉರೀತಿತ್ತು ಅಂತ್ಲೇ ಬರಿ, ಯಾರು ಕೇಳ್ತಾರೆ' ಅಂದ್ರು. ನಾನು ಬರೀಲಿಲ್ಲಮ್ಮ. ನಿದ್ದೆ ಹೋದೆ, ಹದಿನೇಳು ನಿಮಿಷ ಆರಿತ್ತು ಅಂತ ದಿನಚರಿ ಪುಸ್ತಕದಲ್ಲಿ ಬರ್ದು ಸೈನ್ ಹಾಕ್ದೆ. ಆಮೇಲೆ ನಂಗೆ ಪ್ರಮೋಷನ್ ಇಲ್ಲ, ಬಿಡು. ಆದ್ರೆ ದೇವು ಹೆಂಡ್ತಿ ಊರಲ್ಲಿ ತಲೆ ಎತ್ಕೊಂಡು ಓಡಾಡಿದ್ಲು."

ಇದೆಲ್ಲ ಗೊತ್ತಿದ್ದವಳು ನಾನು. ಅದಕ್ಕೇ ಮುಂದಿನದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಶಿವಾಜಿನಗರದ ಒಂದು ಪ್ರೆಸ್ಸಿನಲ್ಲಿ ನಾನು ಟೈಪು ಮಾಡಿ ಕರಡು ತಿದ್ದುತ್ತಿದ್ದೆ. ಎರಡು ಸಾವಿರದ ಇಸವಿಯ ಈಚೆಗೆ, ಹಡಗು, ದೀಪಸ್ತಂಭ ಎಂದು ಹುಚ್ಚು ಹತ್ತಿಸಿಕೊಂಡಿದ್ದ ಹವ್ಯಾಸಿಗಳ ಸಂಘವೊಂದು ಸಮುದ್ರವೇ ಇಲ್ಲದ ಈ ಊರಿನಲ್ಲಿ ದೀಪಸ್ತಂಭಗಳ ಉತ್ಸವ ಇಟ್ಟುಕೊಂಡಿತು. ಪುಸ್ತಿಕೆ ನಮ್ಮಲ್ಲೇ ಅಚ್ಚಿಗೆ ಬಂತು. ಸನ್ಮಾನಕ್ಕೆ ಅಂಕಲ್ ಹೆಸರು ಹೇಳಿದವಳೂ ನಾನೇ. ಕರಡಿನಲ್ಲಿ ಅವರ ದೀಪದ ಚಿತ್ರದ ಕೆಳಗೆ 'ಒಂದು ರಾತ್ರಿಯೂ ಆರದ ದೀಪ' ಎಂದಿತ್ತು. ಅದು ಹಾಗಲ್ಲ ಎಂದೆ. ಸಂಘದ ಕಾರ್ಯದರ್ಶಿ ನಕ್ಕರು. "ಶುಭಕಾರ್ಯ ಮೇಡಂ, ಆರಿದ್ದನ್ನ ಹೇಳೋದು ಯಾಕೆ? ಓದೋಕೆ ಚೆನ್ನಾಗಿದೆ, ಇರ್ಲಿ ಬಿಡಿ." ನಾನೂ ಹೂಂ ಎಂದೆ. ಆ ಹೂಂ ಎಂದ ಬಾಯಿಗೆ ಏನು ಹೇಳಲಿ?

ಕಂಟೋನ್ಮೆಂಟಿನ ಒಂದು ಸಭಾಂಗಣ. ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಕಾರ್ಯದರ್ಶಿ ಪುಸ್ತಿಕೆ ನೋಡಿಕೊಂಡು ಆ ಸಾಲನ್ನು ರಾಗವಾಗಿ ಓದಿದರು. ಅಂಕಲ್ ಎದ್ದು ನಿಂತರು.

"ಸುಳ್ಳು. ಆರಿತ್ತು. ನಾನು ನಿದ್ದೆ ಹೋಗಿದ್ದೆ."

ಸಭೆ ಚಪ್ಪಾಳೆ ತಟ್ಟಿತು! "ನೋಡಿ, ಎಂಥಾ ವಿನಯ!" ಎಂದರು ಕಾರ್ಯದರ್ಶಿ.

"ನಿಲ್ಸ್ರೀ ಚಪ್ಪಾಳೆ!" ಅಂಕಲ್ ಕೈ ಎತ್ತಿದರು. "ದೀಪ ಆರ್ಲೇ ಇಲ್ಲ ಅಂದ್ರೆ ದೇವು ಕುಡಿದು ಬಂಡೆಗೆ ಹೊಡ್ದ ಅಂತಾಯ್ತು. ನಿಮ್ ಹಬ್ಬ ಚೆಂದ ಕಾಣ್ಲಿ ಅಂತ ತಪ್ಪನ್ನ ಸತ್ತೋನ ತಲೆಗೆ ಕಟ್ತೀರೇನ್ರೀ?"

ದೇವು ಯಾರು ಎಂದು ಯಾರೂ ಕೇಳಲಿಲ್ಲ. ದೀಪಸ್ತಂಭದ ಕಲ್ಲು ಎಲ್ಲಿಂದ ಬಂತು, ಗಾಜು ಯಾವ ದೇಶದ್ದು, ಎಲ್ಲವೂ ಆ ಪುಸ್ತಿಕೆಯಲ್ಲಿತ್ತು. ಅದು ಯಾರಿಗಾಗಿ ಉರಿಯಿತೋ ಆ ಜನರ ಒಂದು ಹೆಸರೂ ಇರಲಿಲ್ಲ. ಇದು ಪರಂಪರೆಯ ಆಚರಣೆಯಂತೆ! ಅಂಕಲ್ ಶಾಲನ್ನು ಕುರ್ಚಿಯ ಮೇಲೆ ಮಡಿಸಿಟ್ಟು ಇಳಿದು ಬಂದರು. ಹೊರಗೆ ಮೆಟ್ಟಿಲ ಮೇಲೆ ನನ್ನನ್ನು ನೋಡಿ ಒಂದೇ ಮಾತು ಕೇಳಿದರು.

"ನಿಂಗೆ ಗೊತ್ತಿತ್ತಲ್ಲಮ್ಮಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮರುದಿನ ಪ್ರೆಸ್ಸಿಗೇ ಬಂದು ಉಳಿದಿದ್ದ ಪುಸ್ತಿಕೆಗಳ ಕಟ್ಟನ್ನು ಕೇಳಿ ಒಯ್ದರು. ಆಮೇಲೆ ಎಷ್ಟೋ ಭಾನುವಾರ ಅವರ ವರಾಂಡದಲ್ಲಿ ಇಬ್ಬರೂ ಕೂತು, ಆ ಸಾಲು ಹೊಡೆದು, ಕೆಳಗೆ 'ಹದಿನೇಳು ನಿಮಿಷ ಆರಿತ್ತು' ಎಂದು ಇಂಕಿನಲ್ಲಿ ಬರೆದೆವು. ಕೊನೆಯ ಭಾನುವಾರ ಅವರ ಕೈಯಲ್ಲಿ ಪೆನ್ನು ನಿಲ್ಲಲಿಲ್ಲ. "ನೀನೇ ಬರಿ, ನಾನು ನೋಡ್ತೀನಿ," ಎಂದರು. ಪ್ರತಿಯೊಂದನ್ನೂ ಕನ್ನಡಕದ ಹತ್ತಿರ ಹಿಡಿದು ನೋಡಿದರು.

ಆ ಮಳೆಗಾಲದಲ್ಲೇ ಹೋಗಿಬಿಟ್ಟರು. ವೈಕುಂಠ ಸಮಾರಾಧನೆಯ ಕಾರ್ಡು ಮಾಡಿಸಲು ಅಳಿಯ ನಮ್ಮ ಪ್ರೆಸ್ಸಿಗೇ ಬಂದರು. ಅವರು ಬರೆದುಕೊಂಡು ಬಂದಿದ್ದ ಚೀಟಿಯಲ್ಲಿ 'ಒಂದು ದಿನವೂ ಕರ್ತವ್ಯಕ್ಕೆ ಲೋಪ ತಾರದವರು' ಎಂದಿತ್ತು. ಈ ಸಲ ನಾನು ಹೂಂ ಎನ್ನಲಿಲ್ಲ. ಕರಡಿನಲ್ಲಿ ಹೀಗೆ ಟೈಪು ಮಾಡಿ ಮುಂದಿಟ್ಟೆ: 'ಮೂವತ್ತೊಂದು ವರ್ಷ ದೀಪ ಕಾದವರು. ಹದಿನೇಳು ನಿಮಿಷ ಆರಿದ್ದನ್ನೂ ಬರೆದಿಟ್ಟವರು.'

ಅಳಿಯನ ಮುಖ ಕೆಂಪಾಯಿತು. "ಏನ್ರೀ ಇದು? ಸತ್ತೋರ ಬಗ್ಗೆ ಹೀಗಾ ಬರೆಯೋದು?"

"ಸತ್ತೋರು ಒಬ್ಬರಲ್ಲ ಸಾರ್," ಎಂದೆ. "ಇಬ್ಬರು."