ತೆಗೆದಿಡುವ ಹಲ್ಲು

ಜನವರಿ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಹತ್ತೂವರೆ. ಸ್ಥಳ, ಮಡಿಕೇರಿಯ ಒಂದು ಹಲ್ಲಿನ ಕ್ಲಿನಿಕ್ಕು. ಹಾಜರಿದ್ದವರು ನಾನು, ನನ್ನ ತಮ್ಮ, ಡಾಕ್ಟರಮ್ಮ. ಮೇಜಿನ ಮೇಲೆ ಬಿಳಿ ಪ್ಲಾಸ್ಟರಿನ ದವಡೆಯೊಂದು ಕೂತಿತ್ತು. ಅದು ನನ್ನದೇ ಬಾಯಿಯ ಅಚ್ಚು. ಅದಕ್ಕೆ ಗುಲಾಬಿ ಬಣ್ಣದ ಒಂದು ಪ್ಲೇಟು ಹಾಕಿಟ್ಟಿದ್ದರು. ಪ್ಲೇಟಿನ ಅಂಚಿಗೆ ಮೇಲ್ಸಾಲಿನ ಮುಂದಿನ ಹಲ್ಲುಗಳು, ಎರಡು ಕೊನೆಗೂ ಸಣ್ಣ ತಂತಿಯ ಕೊಕ್ಕೆ.

ನಮ್ಮದು ಮಾದಾಪುರದ ಕಡೆ, ಎಸ್ಟೇಟುಗಳ ನಡುವೆ ಇರುವ ಸಣ್ಣ ಈಶ್ವರ ದೇವಸ್ಥಾನ. ಒಳಗಿನ ಪೂಜೆ ನನ್ನದು. ಗರ್ಭಗುಡಿಯ ಹೊಸ್ತಿಲ ಹೊರಗೆ ನಿಂತು ಹೂವು, ನೀರು, ಆರತಿ ಒದಗಿಸುವುದು ತಮ್ಮನದು. ಹುಡುಗನಾಗಿದ್ದಾಗ ನನ್ನನ್ನು ಪಾಠಶಾಲೆಗೆ ಹಾಕಿದ್ದರು. ಅಲ್ಲಿ ಬೆಳಗಿನ ಜಾವ ಗಂಟೆ ಹೊಡೆದ ಮೇಲೆ ಹಾಸಿಗೆಯಲ್ಲಿ ಇರುವಂತಿರಲಿಲ್ಲ, ಸ್ನಾನವಾಗದೆ ಬಾಯಿ ಬಿಡುವಂತಿರಲಿಲ್ಲ, ತಪ್ಪಿದ ಸಾಲನ್ನು ಮೊದಲಿಂದ ಹೇಳದೆ ಊಟಕ್ಕೆ ಏಳುವಂತಿರಲಿಲ್ಲ. ಆ ಶಿಸ್ತು ಕಲಿಸಿದವರ ಮೇಲೆ ಆಗ ಕೋಪವಿತ್ತು. ಆಮೇಲೆ ಅದೇ ನನ್ನ ಆಸ್ತಿಯಾಯಿತು. ಎಪ್ಪತ್ತು ದಾಟಿದರೂ ನನಗೆ ಅಲಾರಂ ಬೇಕಾಗಿಲ್ಲ.

ಬೇಕಾದದ್ದು ಹಲ್ಲು.

ಸಂಕಲ್ಪ ಮಾಡುವಾಗ ಬಂದವರ ಗೋತ್ರ, ನಕ್ಷತ್ರ, ಹೆಸರು ಹೇಳಬೇಕು. ಮಂತ್ರ ಜನಕ್ಕೆ ಅರ್ಥವಾಗುವುದಿಲ್ಲ, ಆದರೆ ತಮ್ಮ ಹೆಸರು ಬರುವ ಜಾಗದಲ್ಲಿ ಎಲ್ಲರೂ ಕಿವಿ ನೆಟ್ಟಗೆ ಮಾಡಿಕೊಳ್ಳುತ್ತಾರೆ. ಮುಂದಿನ ಹಲ್ಲುಗಳು ಹೋದ ಮೇಲೆ ಆ ಹೆಸರುಗಳೆಲ್ಲ ನನ್ನ ಬಾಯಲ್ಲಿ ಗಾಳಿಯಾಗಿ ಹೋಗುತ್ತಿದ್ದವು. ಪಕ್ಕದ ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರು ಸೋಮವಾರ ತಪ್ಪಿಸುವವರಲ್ಲ. ಒಂದು ಸಂಜೆ ಪ್ರಸಾದ ತೆಗೆದುಕೊಳ್ಳುತ್ತ ಅವರು ಹೇಳಿದರು: "ಭಟ್ರೇ, ಮಗಳ ಹೆಸರು ಹೇಳಿದ್ರೋ, ಬಿಟ್ರೋ? ದೇವರಿಗೆ ಗೊತ್ತಾಗಿರುತ್ತೆ ಬಿಡಿ. ನಮಗೆ ಗೊತ್ತಾಗ್ಲಿಲ್ಲ, ಅಷ್ಟೆ." ನಕ್ಕೇ ಹೇಳಿದರು. ಆದರೆ ಮುಂದಿನ ಸೋಮವಾರ ಮನೆಯವರ ಹೆಸರು, ನಕ್ಷತ್ರ ಬರೆದ ಚೀಟಿಯನ್ನು ನನ್ನ ಕೈಗೆ ಕೊಡಲಿಲ್ಲ. ತಮ್ಮನ ಕೈಗೆ ಕೊಟ್ಟು, "ನೀವೇ ಒಂದ್ಸಲ ಗಟ್ಟಿಯಾಗಿ ಹೇಳಿಬಿಡಿ ಸ್ವಾಮಿ" ಎಂದರು. ಹೊಸ್ತಿಲ ಹೊರಗಿನಿಂದ ಅವನು ಹೇಳಿದ, ಒಳಗೆ ಕೂತು ನಾನು ಕೇಳಿದೆ. ಇನ್ನೂ ಹೀಗೇ ನಡೆದರೆ ಒಳಗೆ ಕೂರುವವನು ನಾನಾಗಿರುವುದಿಲ್ಲ ಎಂಬುದು ಅವತ್ತೇ ತಿಳಿಯಿತು. ಮಾರನೆಯ ದಿನ ಡಾಕ್ಟರಮ್ಮನ ಹತ್ತಿರ ಹೋದೆ.

ಆಕೆ ಕೊಡವರ ಹುಡುಗಿ, ಕೆಲಸದಲ್ಲಿ ಚುರುಕು. ಹಿಂದೆ ನನ್ನ ಒಂದು ಮುಂಬಲ್ಲಿಗೆ ಕ್ರೌನು ಕೂರಿಸಿದ್ದೂ ಆಕೆಯೇ. ಕ್ರೌನೆಂದರೆ ದೇವರಿಗೆ ಕವಚ ತೊಡಿಸಿದ ಹಾಗೆ. ಒಳಗಿನ ಹಲ್ಲನ್ನು ಸುತ್ತಲೂ ಅರೆದು ಸಣ್ಣ ಮಾಡಿ, ಅದರ ಮೇಲೆ ಹಲ್ಲಿನ ಆಕಾರದ ಟೋಪಿ ಅಂಟಿಸುತ್ತಾರೆ. ಪೂರಾ ಲೋಹದ್ದಾದರೆ ಗಟ್ಟಿ, ಒಳದವಡೆಗೆ ಸರಿ, ಮುಂದೆ ಹಾಕಿದರೆ ನಕ್ಕಾಗ ಹೊಳೆಯುತ್ತದೆ. ಒಳಗೆ ಲೋಹ, ಮೇಲೆ ಪಿಂಗಾಣಿ ಇರುವುದು ಮಧ್ಯಮ. ನನ್ನದು ಅದೇ ಜಾತಿಯದು, ವಸಡಿನ ಅಂಚಿನಲ್ಲಿ ಬೂದು ಗೆರೆ ಕಾಣುತ್ತಿತ್ತು. ಪೂರಾ ಪಿಂಗಾಣಿಯದು ನೋಡಲು ಚೆಂದ, ಸ್ವಂತ ಹಲ್ಲೇ ಅನ್ನಬೇಕು. ತಮ್ಮನದು ಅದು. ಮಾದಾಪುರದ ತಿರುವಿನಲ್ಲಿ ಸ್ಕೂಟರಿನಿಂದ ಬಿದ್ದು ಎರಡು ಮುಂಬಲ್ಲು ಮುರಿದುಕೊಂಡವನಿಗೆ ಎರಡು ಕ್ರೌನು ಅಂಟಿಸಿದ್ದರು. ಮಾರನೆಯ ದಿನವೇ ಅವನು ದೇವಸ್ಥಾನಕ್ಕೆ ಬಂದ. ಯಾರೂ ಒಂದು ಪ್ರಶ್ನೆ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಯಾವ ಕವಚಕ್ಕಾದರೂ ಒಳಗೆ ಮೂರ್ತಿ ಇರಬೇಕು. ನನ್ನ ವಸಡು ಸೋತಿತ್ತು. ಕ್ರೌನು ಬೇರಿನ ಸಮೇತ ಕಿತ್ತು ಬಂತು, ಅದರ ಹಿಂದೆಯೇ ಅಕ್ಕಪಕ್ಕದವೂ ಹೋದವು.

"ನನಗೆ ಅಂಟಿಸುವಂಥದ್ದೇ ಬೇಕು," ಎಂದಿದ್ದೆ.

"ಬ್ರಿಡ್ಜ್ ಮಾಡ್ಬೇಕಾದ್ರೆ ಆ ಕಡೆ ಈ ಕಡೆ ಗಟ್ಟಿ ಹಲ್ಲು ಬೇಕು ಭಟ್ರೇ. ನಿಮ್ದು ನೋಡಿ, ಬೆರಳಿಟ್ರೆ ಅಲ್ಲಾಡುತ್ತೆ. ಅದರ ಮೇಲೆ ಸೇತುವೆ ಕಟ್ಟಿದ್ರೆ ಸೇತುವೆನೂ ಹೋಗುತ್ತೆ, ಕಂಬಾನೂ ಹೋಗುತ್ತೆ."

"ಮೂಳೆಗೆ ತಿರುಪು ಹಾಕಿ ಕೂರಿಸ್ತಾರಂತಲ್ಲ?"

"ಇಂಪ್ಲಾಂಟು. ನಿಮ್ಮ ಶುಗರ್ ಈಗಿರೋ ಹಾಗೆ ನಾನಂತೂ ಕೈ ಹಾಕಲ್ಲ. ಮೂಳೆನೂ ತೆಳ್ಳಗಾಗಿದೆ. ತೆಗೆದು ಹಾಕೋ ಸೆಟ್ಟೇ ನಿಮಗೆ ಸರಿ. ದಿನಾ ತೆಗೆದು ತೊಳೀಬಹುದು, ಎಷ್ಟು ಕ್ಲೀನು ಗೊತ್ತಾ?"

"ತೆಗೆಯೋದೇ ತೊಂದರೆ," ಎಂದೆ.

ಆಕೆಗೆ ಬಿಡಿಸಿ ಹೇಳಬೇಕಾಯಿತು. ಬಾಯಿಗೆ ಹೋದ ಬೆರಳು ಎಂಜಲು. ಎಂಜಲು ಕೈಯಲ್ಲಿ ದೇವರನ್ನಾಗಲಿ, ಪೂಜೆಯ ಪಾತ್ರೆಯನ್ನಾಗಲಿ ಮುಟ್ಟುವಂತಿಲ್ಲ. ಒಳಗಿರುವಾಗ ಮುಟ್ಟಿದರೆ ಹೊರಗೆ ಬಂದು, ಸ್ನಾನ ಮಾಡಿ, ಮೊದಲಿಂದ ಶುರು ಮಾಡಬೇಕು. ಆಕೆ ತಾಳ್ಮೆಯಿಂದ ಕೇಳಿ, "ಹಾಗಾದ್ರೆ ಮುಟ್ಟಬೇಡಿ" ಎಂದಳು. ಆ ಮಾತು ನನಗೆ ಹಿಡಿಸಿತು. ಸ್ನಾನಕ್ಕೆ ಮೊದಲೇ ಹಾಕಿಕೊಂಡು ಪೂಜೆ ಮುಗಿಯುವವರೆಗೆ ಕೈ ತಾಗಿಸದಿದ್ದರೆ ಅದು ನನ್ನ ಅಂಗವೇ ಎಂದು ತೀರ್ಮಾನಿಸಿಕೊಂಡೆ. ಆಮೇಲೆ ಅಚ್ಚು ಕೊಟ್ಟೆ.

ಆ ಸೋಮವಾರ ಆಕೆ ಪ್ಲೇಟನ್ನು ಬಾಯಿಗೆ ಕೂರಿಸಿ, ಕನ್ನಡಿ ಹಿಡಿದು, ಏನಾದರೂ ಹೇಳಿ ಎಂದಳು. ಸಂಕಲ್ಪವನ್ನೇ ಹೇಳಿದೆ. ಒಂದೊಂದು ಅಕ್ಷರವೂ ನಿಂತು ಬಂತು.

"ಇನ್ನು ರೇಡಿಯೋದಲ್ಲಿ ವಾರ್ತೆ ಓದ್ಬಹುದು. ಆದ್ರೆ ಮೊದಲ ವಾರ ಸಡಿಲ ಅನಿಸುತ್ತೆ, ಜೊಲ್ಲು ಜಾಸ್ತಿ ಬರುತ್ತೆ. ಬರೋ ಸೋಮವಾರ ಬನ್ನಿ, ಕೊಕ್ಕೆ ಬಿಗಿ ಮಾಡ್ತೀನಿ. ಅಲ್ಲಿವರೆಗೆ ಮಾತು ಕಮ್ಮಿ."

"ನನ್ನ ಕೆಲಸವೇ ಮಾತು."

"ಮಲಗುವಾಗ ತೆಗೆದು ನೀರಲ್ಲಿಡಿ. ಬಿಸಿನೀರು ಬೇಡ, ಸೊಟ್ಟಗಾಗುತ್ತೆ."

ಬಸ್ಸಿನಲ್ಲಿ ತಮ್ಮ ಕಿಟಕಿಯ ಕಡೆ ಕೂತಿದ್ದ. ಕಾಫಿ ಹಣ್ಣು ಕೀಳುವ ಪಿಕ್ಕಿಂಗಿನ ಕಾಲ, ರಸ್ತೆ ಬದಿಯ ಕಣಗಳಲ್ಲೆಲ್ಲ ಕಾಫಿ ಹರಡಿದ್ದರು. ಅರ್ಧ ದಾರಿಯಲ್ಲಿ ಅವನು ಮಾತು ತೆಗೆದ.

"ಚೆನ್ನಾಗಿ ಕಾಣುತ್ತೆ ಅಣ್ಣ. ಒಂದು ವಾರ ನಾನೇ ಒಳಗೆ ನೋಡ್ಕೊಳ್ಳಲಾ?"

"ನಿನಗೊಂದು ವಾರ ಬೇಕಾ?"

"ನನಗಲ್ಲ, ನಿಮಗೆ. ಡಾಕ್ಟರು ಹೇಳಿದ್ರಲ್ಲ."

"ಡಾಕ್ಟರು ನಿನ್ನನ್ನು ಒಳಗೆ ಕೂರಿಸು ಅಂತ ಹೇಳಲಿಲ್ಲ."

ಅವನು ನಕ್ಕು ಕಿಟಕಿಯ ಕಡೆ ತಿರುಗಿದ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಜಗಳವಾಡಬಹುದಿತ್ತು.

ಮನೆಯಲ್ಲಿ ಹೆಂಡತಿಗೆ ಬೇರೆಯೇ ಚಿಂತೆ. "ನೀರಲ್ಲಿಡೋದು ಸರಿ. ಯಾವ ಪಾತ್ರೆಲಿ? ಅಡುಗೆಮನೆದು ಒಂದೂ ಕೊಡಲ್ಲ."

"ಹಳೇ ಸ್ಟೀಲಿನ ಲೋಟ?"

"ಅದರಲ್ಲಿ ಕೆಲಸದವಳಿಗೆ ಕಾಫಿ ಕೊಡ್ತೀನಿ. ಅವಳೂ ಮನುಷ್ಯಳೇ." ಹಿತ್ತಲಿಗೆ ಹೋಗಿ ಅರ್ಧ ತೆಂಗಿನ ಕರಟವೊಂದನ್ನು ತಂದಿಟ್ಟಳು. ಆಮೇಲೆ ಅವಳೇ ಕೇಳಿದಳು: "ಅಲ್ಲ, ದೇವರಿಗೆ ಬೆಳ್ಳಿ ಕವಚ ಹಾಕ್ತೀರಿ, ತೆಗೀತೀರಿ, ತೊಳೀತೀರಿ. ಅದಕ್ಕಿಲ್ಲದ ಮೈಲಿಗೆ ಇದಕ್ಕೆ ಯಾಕೆ?"

"ಅದನ್ನು ದೇವರ ಬಾಯಿಂದ ತೆಗೆಯೋದಿಲ್ಲ."

"ದೇವರಿಗೆ ಹಲ್ಲು ನೋವಿಲ್ಲ, ಅದಕ್ಕೆ," ಎಂದು ಒಳಗೆ ಹೋದಳು.

ಸಂಜೆ ಆರಕ್ಕೆ ಸ್ನಾನ ಮುಗಿಸಿ ಗರ್ಭಗುಡಿ ಹೊಕ್ಕೆ. ರೈಟರು ಮಗಳನ್ನು ಕರೆದುಕೊಂಡು ಬಂದಿದ್ದರು. ಮದುವೆ ಗೊತ್ತಾಗಿತ್ತು. ಚೀಟಿಯನ್ನು ತಮ್ಮನ ಕಡೆ ಚಾಚಿದರು. ನಾನು ಒಳಗಿನಿಂದಲೇ "ಇಲ್ಲಿ ಕೊಡಿ" ಎಂದೆ. ನನ್ನ ದನಿ ಕೇಳಿ ಅವರು ತಲೆ ಎತ್ತಿ ನೋಡಿದರು.

ಸಂಕಲ್ಪ ಶುರು ಮಾಡಿದೆ. ತಂದೆಯ ಹೆಸರು ಬಂತು, ತಾಯಿಯದು ಬಂತು, ಹುಡುಗಿಯ ನಕ್ಷತ್ರ ಬಂತು, ಹೆಸರೂ ಬಂತು. ಹುಡುಗಿ ಅಪ್ಪನ ಮುಖ ನೋಡಿ ಸಣ್ಣಗೆ ನಕ್ಕಳು. ಬಹಳ ದಿನದ ಮೇಲೆ ನನ್ನ ಸ್ವರ ಆ ಕಲ್ಲಿನ ಗೋಡೆಗೆ ತಾಗಿ ನನಗೇ ವಾಪಸು ಕೇಳಿಸಿತು. ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆನೇನೋ. ಅಭಿಷೇಕಕ್ಕೆ ತಂಬಿಗೆ ಎತ್ತಿ ರುದ್ರ ಹೇಳತೊಡಗಿದೆ. ಎರಡು ಉಸಿರಿನಷ್ಟು ಹೇಳಿರಬಹುದು, ಒಂದು ಬದಿಯ ಕೊಕ್ಕೆ ಬಿಟ್ಟುಕೊಂಡಿತು. ಪ್ಲೇಟು ಮುಂದಕ್ಕೆ ಜಾರಿ ತುಟಿಗೆ ಬಂತು.

ಯೋಚಿಸಲಿಲ್ಲ. ಎಡಗೈ ಹೆಬ್ಬೆರಳು ತಾನಾಗಿ ಬಾಯಿಗೆ ಹೋಗಿ ಪ್ಲೇಟನ್ನು ಒತ್ತಿತು. ಬೀಳಲಿಲ್ಲ. ಮಂತ್ರವೂ ತಪ್ಪಲಿಲ್ಲ. ನನ್ನ ಬೆನ್ನು ಜನರ ಕಡೆ ಇತ್ತು, ರೈಟರು ಕಣ್ಣು ಮುಚ್ಚಿ ಕೈಮುಗಿದಿದ್ದರು. ಬದಿಯಲ್ಲಿ ಹೂವಿನ ತಟ್ಟೆ ಹಿಡಿದು ನಿಂತಿದ್ದ ತಮ್ಮ ಒಬ್ಬನೇ ನೋಡಿದ.

ಅವನು ಸುಮ್ಮನಿದ್ದಿದ್ದರೆ ನಾನು ಏನು ಮಾಡುತ್ತಿದ್ದೆ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನಿಲ್ಲಿಸುತ್ತಿದ್ದೆ ಎಂದೇ ನನ್ನ ಉತ್ತರ. ಆದರೆ ನಾನಾಗಿ ನಿಲ್ಲಿಸುವಷ್ಟು ಹೊತ್ತನ್ನೂ ಅವನು ಕೊಡಲಿಲ್ಲ. ಮೆಲ್ಲಗೆ, ಬಹಳ ಮರ್ಯಾದೆಯಿಂದ ಕೇಳಿದ: "ಅಣ್ಣ, ಈಗ ಏನು ಮಾಡೋಣ? ನೀವೇ ಹೇಳಿ."

ತಂಬಿಗೆ ಕೆಳಗಿಟ್ಟೆ. "ತೊಳೆದು ಮೊದಲಿಂದ ಮಾಡು," ಎಂದು ಹೊರಗೆ ಬಂದೆ.

ನಾನು ಇನ್ನೊಮ್ಮೆ ಸ್ನಾನ ಮಾಡಿ ಬರಬಹುದಿತ್ತು. ಬಂದರೆ ಮತ್ತೆ ಜಾರುತ್ತಿತ್ತು. ತೆಗೆದಿಟ್ಟು ಬಂದರೆ ಹುಡುಗಿಯ ಹೆಸರು ಮತ್ತೆ ಗಾಳಿಯಾಗುತ್ತಿತ್ತು. ಬಾಯಲ್ಲಿಟ್ಟರೆ ಮಡಿ ಇಲ್ಲ, ತೆಗೆದರೆ ಮಾತಿಲ್ಲ. ತಮ್ಮ ಒಳಗೆ ಹೋಗಿ ಎಲ್ಲವನ್ನೂ ಶುದ್ಧ ಮಾಡಿ ಸಂಕಲ್ಪ ಹೇಳಿದ. ಅವನ ಪಾಠ ನನ್ನಷ್ಟು ಗಟ್ಟಿಯಲ್ಲ, ಎರಡು ಕಡೆ ಸ್ವರ ಜಾರಿಸಿದ. ಅವನ ಹಲ್ಲು ಮಾತ್ರ ಜಾರಲಿಲ್ಲ. ಅದೂ ಕಾರ್ಖಾನೆಯದೇ, ನನ್ನದೂ ಕಾರ್ಖಾನೆಯದೇ. ನಡುವೆ ಇರುವುದು ಒಂದು ತೊಟ್ಟು ಅಂಟು.

ಕಂಬದ ಹತ್ತಿರ ನಿಂತಿದ್ದ ನನ್ನ ಬಳಿ ರೈಟರು ಬಂದರು. "ಯಾಕೆ ಭಟ್ರೇ ನಿಲ್ಲಿಸಿದ್ರಿ? ಇವತ್ತು ಪ್ರತಿ ಹೆಸರೂ ಗಂಟೆ ಹೊಡೆದ ಹಾಗೆ ಕೇಳ್ತು."

"ಬಾಯಿ ಮುಟ್ಟಿದೆ."

"ಅಷ್ಟೇನಾ? ನಾನು ನೋಡ್ಲೇ ಇಲ್ಲ."

"ನೋಡಬೇಕಾದವರು ನೀವಲ್ಲ."

ಅವರು ಪ್ರಸಾದ ತೆಗೆದುಕೊಂಡು ಹೊರಟರು. ತಮ್ಮ ಬಾಗಿಲು ಹಾಕಿ ಬೀಗದ ಕೈಯನ್ನು ಎಂದಿನಂತೆ ನನ್ನ ಕಡೆ ಚಾಚಿದ. ಕೊಡುವುದು ಮಾತ್ರ ನಿಧಾನವಾಗಿತ್ತು.

"ನಾಳೆ ಬೆಳಿಗ್ಗೆ ಹೇಗೆ ಅಣ್ಣ? ನೀವು ಹೇಳಿದ ಹಾಗೆ."

ನಾನು ಏನು ಹೇಳುತ್ತೇನೆಂದು ಅವನಿಗೆ ಗೊತ್ತಿತ್ತು. ನನ್ನ ಶಿಸ್ತನ್ನು ನನಗಿಂತ ಚೆನ್ನಾಗಿ ಬಳಸಲು ಕಲಿತವನು ಅವನು.

"ಗಂಧ ತೇಯೋದು, ಹೂವು ಬಿಡಿಸೋದು ನಾನು ಮಾಡ್ತೇನೆ."

"ಹಾಗಾದ್ರೆ ಒಳಗಿಂದು?"

ಅವನಿಗೆ ಅದನ್ನು ನನ್ನ ಬಾಯಿಂದಲೇ ಹೇಳಿಸಬೇಕಿತ್ತು.

"ಕೊಕ್ಕೆ ಬಿಗಿ ಮಾಡಿಸ್ಕೊಂಡು ಬಂದ್ರೆ ಮತ್ತೆ..." ಎಂದು ಅವನೇ ಶುರು ಮಾಡಿದ.

"ಬಿಗಿ ಮಾಡಿದ್ದು ಮತ್ತೆ ಸಡಿಲ ಆಗುತ್ತೆ. ಒಳಗಿಂದು ನಿನ್ನದು. ಕೀಲಿ ಇಟ್ಕೋ."

ಅವನು ಕಾಲಿಗೆ ನಮಸ್ಕಾರ ಮಾಡಿದ. ಏಳುವಾಗ ಮುಖದಲ್ಲಿ ನಗು ಬಂದದ್ದನ್ನು ತಡೆದುಕೊಂಡ, ಆದರೂ ಮುಂದಿನ ಎರಡು ಹಲ್ಲು ಕಂಡವು. ಡಾಕ್ಟರಮ್ಮ ಬಣ್ಣವನ್ನು ಬಹಳ ಚೆನ್ನಾಗಿ ಹೊಂದಿಸಿದ್ದಾಳೆ.

ಮನೆಗೆ ಬಂದು ಊಟಕ್ಕೆ ಕೂತೆ. ಹೆಂಡತಿ ಅನ್ನವನ್ನು ಮೆತ್ತಗೆ ಮಾಡಿದ್ದಳು. ಊಟವಾದ ಮೇಲೆ ಹಿತ್ತಲ ಕಲ್ಲಿನ ಹತ್ತಿರ ನಿಂತು ಪ್ಲೇಟನ್ನು ತೆಗೆದೆ. ಮೆತ್ತನೆಯ ಬ್ರಶ್ಶಿನಿಂದ ಹಲ್ಲಿನ ಹಿಂದೆ, ಕೊಕ್ಕೆಯ ಸಂದಿನಲ್ಲಿ, ಆಕೆ ಹೇಳಿಕೊಟ್ಟ ಕ್ರಮದಲ್ಲೇ ಉಜ್ಜಿದೆ. ಕರಟಕ್ಕೆ ತಣ್ಣೀರು ತುಂಬಿ, ಪ್ಲೇಟನ್ನು ಮುಳುಗಿಸಿ, ಇನ್ನೊಂದು ಕರಟವನ್ನು ಮೇಲೆ ಕವುಚಿದೆ. ಒಳಗಿಡುವಂತಿರಲಿಲ್ಲ. ಜಗಲಿಯ ಕಟ್ಟೆಯ ಮೇಲೆ, ಚಪ್ಪಲಿ ಬಿಡುವ ಜಾಗದ ಪಕ್ಕದಲ್ಲಿಟ್ಟು ಕೈ ತೊಳೆದುಕೊಂಡೆ.