ಬಂದೂಕಿನ ಬೀರುವಿನ ಗುಟ್ಟು

ನಮ್ಮ ಮನೆಯವರು ದೀಪಾವಳಿಯಲ್ಲಿ ಹೂಕುಂಡಕ್ಕೂ ನನ್ನ ಕೈಯಲ್ಲೇ ಬೆಂಕಿ ಹಚ್ಚಿಸಿ, ಬಾಗಿಲ ಸಂದಿಯಿಂದ ನೋಡುವ ವೀರರು. ಅಂಥವರಿಗೆ ಎರಡು ಸಾವಿರದ ದಶಕದ ನಡುವಿನಲ್ಲಿ, ಸ್ವೀಡನ್ನಿನ ಟ್ರೋಲ್‌ಹೆಟ್ಟನ್ ಊರಿನಲ್ಲಿ, ಹಳೆಯ ಬಂದೂಕು ಕೂಡಿಡುವ ಹುಚ್ಚು ಹಿಡಿಯಿತು. ಎಂಜಿನ್ ಕಾರ್ಖಾನೆಯ ಸಹೋದ್ಯೋಗಿಯೊಬ್ಬ ಫೀಕಾಕ್ಕೆಂದು, ಅಂದರೆ ಅಲ್ಲಿಯವರ ಕಾಫಿ ಹರಟೆಗೆಂದು, ಮನೆಗೆ ಕರೆದು, ಕಾಫಿ ಬನ್ನಿನ ಜೊತೆ ತನ್ನ ಸಂಗ್ರಹವನ್ನೂ ತೋರಿಸಿದ್ದೇ ನೆಪ. ವರ್ಷಗಟ್ಟಲೆ ಅಲೆದು ಇವರೂ ಸಂಗ್ರಾಹಕರ ಲೈಸೆನ್ಸ್ ಪಡೆದರು. ಯಾವುದೋ ಕಾಲದ ಸೈನಿಕರ ಬಂದೂಕುಗಳು ನಾಲ್ಕು ಮನೆಗೆ ಬಂದವು. ಗುಂಡು ಒಂದೂ ಇಲ್ಲ. ಭಾನುವಾರ ಬಂದರೆ ಇವರು ಅವಕ್ಕೆ ಎಣ್ಣೆ ಸವರಿ ಒರೆಸುತ್ತ ಕೂರುತ್ತಿದ್ದರು. ನನ್ನ ಕುಕ್ಕರಿನ ಗ್ಯಾಸ್ಕೆಟ್ ಬದಲಿಸಲು ಮಾತ್ರ ಪುರುಸೊತ್ತಿರಲಿಲ್ಲ.

ಅಲ್ಲಿನ ಕಾನೂನು ಕಟ್ಟುನಿಟ್ಟು. ಬಂದೂಕುಗಳು ಉಕ್ಕಿನ ಬೀರುವಿನಲ್ಲಿರಬೇಕು. ಅದನ್ನು ಲೈಸೆನ್ಸ್ ಇದ್ದವರಷ್ಟೇ ತೆರೆಯಬೇಕು, ಕಟ್ಟಿಕೊಂಡ ಹೆಂಡತಿಯೂ ಮುಟ್ಟುವಂತಿಲ್ಲ. ಇವರು ಬಹಳ ಯೋಚಿಸಿ, ಯಾರೂ ಕೈಹಾಕದ ಜಾಗವೆಂದು ಕೀಲಿಕೈಯನ್ನು ದೇವರ ಪೀಠದ ಕೆಳಗೆ ಇಟ್ಟರು. ಆ ಪೀಠವನ್ನು ದಿನಾ ಬೆಳಿಗ್ಗೆ ಎತ್ತಿ ಒರೆಸುವವಳು ನಾನು ಎಂಬುದು ಇಷ್ಟು ವರ್ಷ ಸಂಸಾರ ಮಾಡಿಯೂ ಇವರ ಕಣ್ಣಿಗೆ ಬಿದ್ದಿರಲಿಲ್ಲ.

ಆಯುಧಪೂಜೆ ಬಂತು. ಬೇರೆ ವರ್ಷ ಕಾರು, ಸೈಕಲ್ಲು, ಮಿಕ್ಸಿಗೆ ಕುಂಕುಮ ಇಡುತ್ತಿದ್ದೆ. ಮನೆಯಲ್ಲಿ ನಿಜವಾದ ಆಯುಧವೇ ಇರುವಾಗ ಬಿಡುವುದುಂಟೇ? ಇವರು ಕೆಲಸಕ್ಕೆ ಹೋದ ಮೇಲೆ ಬೀರು ತೆರೆದು, ಎಲ್ಲಕ್ಕೂ ಅರಿಸಿನ ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟು ಮಂಗಳಾರತಿ ಮಾಡಿದೆ. ಮರುದಿನವೇ ತಪಾಸಣೆಗೆ ಪೊಲೀಸ್ ಅಧಿಕಾರಿ ಬಂದ. ಇವರು ಬೀರು ತೆರೆದಾಗ ಬಾಡಿದ ಹೂವು ನೋಡಿ, ಇದನ್ನು ಇಟ್ಟವರು ಯಾರು ಎಂದು ಕೇಳಿದ. ನಾನೇ ಎಂದೆ, ಹೆಮ್ಮೆಯಿಂದ. ಇವರ ಮುಖ ಬಿಳಿಚಿಕೊಂಡಿತು.

ನಂಬರ್ ಬೀಗ ಹಾಕಿಸಿ, ನಂಬರು ಒಬ್ಬರಿಗೇ ಗೊತ್ತಿರಬೇಕು, ಇನ್ನೊಮ್ಮೆ ಹೀಗಾದರೆ ಲೈಸೆನ್ಸೂ ಹೋಗುತ್ತದೆ, ಬಂದೂಕೂ ಹೋಗುತ್ತದೆ ಎಂದು ಎಚ್ಚರಿಸಿ ಅವನು ಹೋದ. ಇವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನೋಡಿ ನನಗೂ ಅಯ್ಯೋ ಅನ್ನಿಸಿತು.

ಹೊಸ ಬೀಗ ಹಾಕಿಸಿದ ವಾರದಲ್ಲೇ ಅವನು ಮತ್ತೆ ಬಂದ. ಪೊಲೀಸು ಪಕ್ಕದಲ್ಲಿ ನಿಂತದ್ದೇ ಇವರಿಗೆ ಎಲ್ಲ ಮರೆತುಹೋಯಿತು. ಒಮ್ಮೆ ಒತ್ತಿದರು, ತೆರೆಯಲಿಲ್ಲ. ಮತ್ತೊಮ್ಮೆ ಒತ್ತಿದರು. ಕೊನೆಗೆ ಬೆವರುತ್ತ ನನ್ನ ಕಡೆ ತಿರುಗಿದರು.

"ಲೇ, ನಮ್ಮ ಮದುವೆ ಆಗಿದ್ದು ಯಾವತ್ತೇ?"

ನನಗೆ ಮೈಯೆಲ್ಲ ಉರಿದುಹೋಯಿತು. ಅದರ ಬೆನ್ನಿಗೇ, ಲೋಕದ ಇಷ್ಟೆಲ್ಲ ನಂಬರುಗಳಲ್ಲಿ ಇವರು ಆರಿಸಿಕೊಂಡದ್ದು ಅದನ್ನೇ ಅಲ್ಲವೇ ಎಂದು ಸಂತೋಷವೂ ಆಯಿತು. ಏನಂತೆ ಎಂದು ಅಧಿಕಾರಿ ಕೇಳಿದ. ನಿಮಗೆ ಕಾಫಿಯೋ ಟೀಯೋ ಎಂದು ಕೇಳುತ್ತಿದ್ದಾರೆ, ಅಂದೆ ನನ್ನ ಹರಕುಮುರುಕು ಸ್ವೀಡಿಷ್‌ನಲ್ಲಿ. ಅವನಿಗೆ ಇಂಗ್ಲಿಷ್ ಬರುತ್ತಿತ್ತು. ಹಾಗಾಗಿ ತಾರೀಖು, ತಿಂಗಳನ್ನು ನಮ್ಮ ಮನೆ ಎಂದೂ ಕೇಳಿರದ ಅಚ್ಚಗನ್ನಡದಲ್ಲಿ ಇವರಿಗೆ ಹೇಳಿ, "ವರ್ಷಾವರ್ಷ ಮರೀತೀರಲ್ರೀ, ಈಗಾದ್ರೂ ನೆನಪಿಟ್ಕೊಳ್ಳಿ" ಎಂದು ಸೇರಿಸಿದೆ. ಆ ತಾರೀಖನ್ನು ಮನಸ್ಸಿನಲ್ಲೇ ಇಂಗ್ಲಿಷಿಗೆ ತಿರುಗಿಸಿಕೊಳ್ಳಲು ಇವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಬೀರು ತೆರೆಯಿತು.

ಅಧಿಕಾರಿ ಕಾಫಿ ಕುಡಿದ, ಎಲ್ಲ ಸರಿಯಾಗಿದೆ ಎಂದ. ಹೊರಡುವಾಗ ಬಾಗಿಲಲ್ಲಿ ನಿಂತು, ನಂಬರು ಗೊತ್ತಿರುವುದು ಒಬ್ಬರಿಗೇ ತಾನೆ ಎಂದು ಕೇಳಿದ.

ಒಬ್ಬರಿಗೇ, ಎಂದೆ. ಸುಳ್ಳೇನೂ ಹೇಳಲಿಲ್ಲ. ಇವರು ಆಗಲೇ ಮರೆತಿದ್ದರು.