ನೀರಿನ ಪಾಲು

ಬಣ್ಣ ಹಾಕಿದ ಎರಡನೆಯ ಬಟ್ಟೆ ತುಂಡೂ ಕೆಂಪಿಗೆ ತಿರುಗಿಕೊಂಡೇ ಬಂದಿತು. ಲೌ ಗ್ವೀಝೆನ್ ಅದನ್ನು ಉತ್ತರದ ಕಿಟಕಿಯ ಬೆಳಕಿಗೆ ಹಿಡಿದು, ಪಕ್ಕದಲ್ಲಿ ಗಿರಾಕಿ ಕಳಿಸಿದ ಮಾದರಿಯನ್ನಿಟ್ಟು, ಕತ್ತು ವಾಲಿಸಿ ನೋಡಿದಳು. ಬಣ್ಣ ಅಳೆಯುವ ಯಂತ್ರದ ಅಗತ್ಯವೇ ಇರಲಿಲ್ಲ. ಗಿರಾಕಿಯದು ಪಾರಿವಾಳದ ಬೆನ್ನಿನ ಬೂದು. ಅವಳದ್ದು ಅದೇ ಪಾರಿವಾಳ ಇಳಿಬಿಸಿಲಲ್ಲಿ ಕೂತಂತಿತ್ತು.

ಕೆಚಿಯಾವ್ ಪಟ್ಟಣದ ಈ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಅವಳು ಗಿರಾಕಿಯ ಮಾದರಿಗೆ ಬಣ್ಣ ಕೂಡಿಸಲು ಕೂತು ಇಪ್ಪತ್ತೆಂಟು ವರ್ಷವಾಗಿತ್ತು. ಉಗುರಿನ ಸಂದಿಯ ನೀಲಿ ಹೊಸವರ್ಷದ ರಜೆಯಲ್ಲೂ ಹೋಗುತ್ತಿರಲಿಲ್ಲ. ಎಂಟು ತೊಟ್ಟಿಗಳು ಮೊದಲಿನಂತೆ ನೀರು, ಉಪ್ಪು, ಸೋಡಾದಲ್ಲಿ ಹತ್ತಿಬಟ್ಟೆ ಬೇಯಿಸುತ್ತಿದ್ದವು. ಒಂಬತ್ತನೆಯದು ಈ ವಸಂತದಲ್ಲಿ ಬಂದದ್ದು. ಅದರಲ್ಲಿ ನೀರಿನ ಬದಲು ಎಣ್ಣೆಯಂಥ ತಿಳಿ ದ್ರಾವಣ ತುಂಬಿರುತ್ತಿತ್ತು. ಬಣ್ಣ ಕರಗಿಸಲು ಬೇಕಾದಷ್ಟೇ ನೀರು ಸಣ್ಣ ಸಣ್ಣ ಹನಿಯಾಗಿ ಅದರೊಳಗೆ ತೇಲುತ್ತ ಹೋಗಿ ನೂಲಿಗೆ ಅಂಟುತ್ತಿತ್ತು. ದ್ರಾವಣವನ್ನು ಸೋಸಿ ಮತ್ತೆ ತುಂಬುತ್ತಿದ್ದರು. ಕಾಲುವೆಗೆ ಬಿಡುವ ಹೊಲಸು ನೀರೇ ಇಲ್ಲ.

ಸೋಮವಾರ ಮ್ಯಾನೇಜರ್ ಷೆನ್ ಬಂದು ಮೇಜಿನ ಅಂಚಿಗೆ ಒರಗಿ ನಿಂತಿದ್ದ. ಅವಳಿಗಿಂತ ಹದಿನೈದು ವರ್ಷ ಚಿಕ್ಕವನು. ಆದರೂ ಕಸುಬು ಬಲ್ಲವರನ್ನು ಎಲ್ಲರೂ ಕರೆಯುವಂತೆ ಅವಳನ್ನು ಷಿಫು ಎಂದೇ ಕರೆಯುತ್ತಿದ್ದ.

"ಈ ಹೊಸ ತೊಟ್ಟೀಲಿ ಮೂರು ಸಲ ನೋಡೋಣ, ಲೌ ಷಿಫು. ಕೂಡ್ಲಿಲ್ಲ ಅಂದ್ರೆ ಈ ಕೆಲಸ ಪೂರ್ತಿ ಕಂಪ್ಯೂಟರಿಗೆ ಬಿಟ್ಬಿಡ್ತೀವಿ. ನೀವು ಮಡಿಸೋ ವಿಭಾಗಕ್ಕೆ ಹೋಗಿ. ಮೇಲಿನವರ ಮಾತು, ನನ್ನದಲ್ಲ."

ಮಡಿಸುವ ವಿಭಾಗವೆಂದರೆ ಹತ್ತು ಗಂಟೆ ನಿಂತೇ ಇರಬೇಕು. ಗ್ವೀಝೆನ್‌ಗೆ ಮೆಟ್ಟಿಲು ಹತ್ತಲೂ ಮಂಡಿ ಬಗ್ಗುತ್ತಿರಲಿಲ್ಲ. ನಿವೃತ್ತಿಗೆ ಇನ್ನು ಹನ್ನೊಂದು ತಿಂಗಳು. ಕೂತು ಮಾಡುವ ಕೆಲಸವಿದ್ದರೆ ಹೇಗೋ ದಾಟಿಬಿಡಬಹುದಿತ್ತು.

ಇಂದು ಗುರುವಾರ. ಒಂದೇ ಸಲ ಉಳಿದಿತ್ತು.

ಒಂಬತ್ತನೆಯ ತೊಟ್ಟಿ ನೋಡಿಕೊಳ್ಳುವ ಜಿನ್ ಚಹಾದ ಗಾಜಿನ ಜಾಡಿ ಹಿಡಿದು ಬಂದ. ಇಬ್ಬರೂ ಒಂದೇ ವರ್ಷ ಸೇರಿದವರು. ಅವನು ಎರಡು ವರ್ಷ ದೊಡ್ಡವನಾದ್ದರಿಂದ ಅವಳಿಗೆ ಅಣ್ಣ.

"ಏನವ್ವಾ, ಪಾರಿವಾಳಕ್ಕೆ ಜ್ವರ ಬಂದ ಹಾಗಿದೆ."

"ನಿನ್ನ ತೊಟ್ಟಿಗೇ ಜ್ವರ, ಜಿನಣ್ಣ. ಮೊದಲನೇ ಸಲ ಗಾಢ ಆಯ್ತು ಅಂತ ಮೂರೂ ಬಣ್ಣ ಕಮ್ಮಿ ಮಾಡ್ದೆ. ತಿಳಿ ಆಯ್ತೇ ಹೊರತು ಕೆಂಪು ಹೋಗ್ಲಿಲ್ಲ."

"ನನ್ನ ತೊಟ್ಟೀನ ಬೈಬೇಡ. ಅದಿನ್ನೂ ಕೂಸು."

ಅವಳು ನಗಲಿಲ್ಲ. ಕನ್ನಡಕ ಒರೆಸಿಕೊಂಡು ಮೂರನೆಯ ಸಲಕ್ಕೆ ಕೂತಳು. ಕಂಪ್ಯೂಟರ್ ಕೊಟ್ಟ ಮೊದಲಿನ ಲೆಕ್ಕಕ್ಕೇ ಮರಳಿ ಹಳದಿ, ಕೆಂಪು, ನೀಲಿಯ ದ್ರಾವಣಗಳನ್ನು ಗಾಜಿನ ನಳಿಗೆಯಲ್ಲಿ ಎಳೆದು ಲೋಟಕ್ಕೆ ಬಿಟ್ಟಳು. ಕದಡಿದಳು. ಮೂರು ದಿನ ನಿದ್ದೆ ಸರಿಯಿರಲಿಲ್ಲ. ಕೈ ಮಾತ್ರ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು.

"ಈಗೇನ್ ಹಾಕ್ದೆ?" ಎಂದ ಜಿನ್.

"ಎಲ್ಲಿ?"

"ಮೂರೂ ಹಾಕಿ ಮುಗಿದಿತ್ತು. ಆಮೇಲೆ ಒಂದು ತೊಟ್ಟು ಕೆಂಪು ಬಿಟ್ಟೆ."

"ನೀರಿನ ಪಾಲು," ಎಂದಳು, ಉಸಿರಾಡಿದಷ್ಟು ಸಹಜವಾಗಿ.

ಕಾರ್ಖಾನೆಯ ಬಾವಿ ಕಾಲುವೆಯ ಮಗ್ಗುಲಲ್ಲೇ ಇತ್ತು. ಎಷ್ಟು ಸೋಸಿದರೂ ಆ ನೀರು ಬಣ್ಣವನ್ನು ಕೊಂಚ ಹಸಿರಿಗೆ ಎಳೆಯುತ್ತಿತ್ತು. ಅದಕ್ಕೇ ಇಲ್ಲಿ ಬಣ್ಣ ಕೂಡಿಸುವವರು ಲೆಕ್ಕವೆಲ್ಲ ಮುಗಿದ ಮೇಲೆ ಒಂದು ತೊಟ್ಟು ಕೆಂಪು ಹೆಚ್ಚಿಗೆ ಬಿಡುತ್ತಿದ್ದರು. ಕೊಡದಿದ್ದರೆ ನೀರು ತಾನೇ ತಗೊಳ್ಳುತ್ತದೆ ಎನ್ನುತ್ತಿದ್ದಳು ಗ್ವೀಝೆನ್‌ಗೆ ಕೆಲಸ ಕಲಿಸಿದ ಮುದುಕಿ. ಪುಸ್ತಕದಲ್ಲಿ ಬರೆಯಲು ಬಿಡುತ್ತಿರಲಿಲ್ಲ. ಕೈಯಲ್ಲಿರುವುದು ಹಾಳೆಗೆ ಇಳಿದರೆ ಕೈಗೆ ಯಾರು ಅನ್ನ ಹಾಕುತ್ತಾರೆ ಎಂಬುದು ಅವಳ ವಾದ. ಹಾಗಾಗಿ ಕಂಪ್ಯೂಟರಿಗೂ ಆ ತೊಟ್ಟು ಗೊತ್ತಿರಲಿಲ್ಲ. ನೀರಿನ ತೊಟ್ಟಿಗಳಲ್ಲಿ ಅದರ ಲೆಕ್ಕ ಸದಾ ಹಸಿರಿಗೆ ವಾಲುತ್ತಿದ್ದುದು, ಎಲ್ಲರೂ ಗ್ವೀಝೆನ್ ಮೇಜಿಗೆ ಓಡಿಬರುತ್ತಿದ್ದುದು ಇದರಿಂದಲೇ.

"ನನ್ನ ತೊಟ್ಟೀಲಿ ನೀರೆಲ್ಲಿದೆ ತಾಯೀ?" ಎಂದ ಜಿನ್. "ನಾಕು ಲೋಟ ಹಾಕ್ತೀನಿ. ಅದೂ ಬಟ್ಟಿ ಇಳಿಸಿದ್ದು, ಡಬ್ಬದಲ್ಲಿ ಬರೋದು."

ಗ್ವೀಝೆನ್ ನಳಿಗೆಯನ್ನು ನೋಡಿದಳು. ತುದಿಯಲ್ಲಿ ಇನ್ನೂ ಸ್ವಲ್ಪ ಕೆಂಪು ಉಳಿದಿತ್ತು. ಎರಡೂ ಸಲ ಇದನ್ನೇ ಬಿಟ್ಟಿದ್ದಳು. ಬಿಟ್ಟದ್ದು ಅವಳಿಗೇ ತಿಳಿದಿರಲಿಲ್ಲ.

ಲೋಟವನ್ನು ಮೋರಿಗೆ ಚೆಲ್ಲಿ ಮತ್ತೆ ಮೊದಲಿಂದ ಅಳೆದಳು. ನೀಲಿ ಮುಗಿದ ಕೂಡಲೇ ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡಳು.

ಬಟ್ಟೆ ಹೊರಬರುವ ಹೊತ್ತಿಗೆ ಊಟದ ಗಂಟೆಯಾಗಿತ್ತು. ಒಣಗಿಸಿದ ಸಾಸಿವೆ ಸೊಪ್ಪಿನ ಜೊತೆ ಬೇಯಿಸಿದ ಹಂದಿಮಾಂಸ, ಅನ್ನ. ಎರಡು ತುತ್ತು ತಿಂದು ಡಬ್ಬಿ ಮುಚ್ಚಿದಳು. ಜಿನ್ ಒಣಗಿದ ತುಂಡು ತಂದು ಮಾದರಿಯ ಮೇಲೆ ಹಾಸಿದ. ಎರಡರ ನಡುವೆ ಅಂಚು ಕಾಣಲಿಲ್ಲ.

"ಕೂಡ್ತು," ಎಂದ. "ಷೆನ್‌ಗೆ ಏನ್ ಹೇಳ್ತೀಯ? ಅನುಭವ ಅಂದ್ಬಿಡು. ಮೇಜು ಉಳಿಯುತ್ತೆ."

ಅವಳು ಅದನ್ನೇ ಯೋಚಿಸುತ್ತಿದ್ದಳು. ನಿಜ ಹೇಳಿದರೆ ಈ ತೊಟ್ಟಿಗೆ ಅವಳು ಬೇಕಾಗಿಲ್ಲ. ಕಂಪ್ಯೂಟರಿನ ಲೆಕ್ಕ ಮೊದಲ ದಿನವೇ ಸರಿಯಿತ್ತು. ಸುಳ್ಳು ಹೇಳಿದರೆ ನಾಳೆ ಇನ್ನೊಂದು ಬಣ್ಣ ಬರುತ್ತದೆ, ಮತ್ತೆ ನಾಟಕ. ಹನ್ನೊಂದು ತಿಂಗಳು ನಾಟಕವಾಡುವಷ್ಟು ಕಸುವು ಅವಳಲ್ಲಿರಲಿಲ್ಲ.

ಷೆನ್ ಬಂದು ಯಂತ್ರದಡಿ ತುಂಡಿಟ್ಟು ಅಂಕಿ ನೋಡಿದ. ಮುಖ ಅರಳಿತು. "ಹೇಗ್ ಮಾಡಿದ್ರಿ ಷಿಫು?"

"ನಾನೇನೂ ಮಾಡ್ಲಿಲ್ಲ. ಮಾಡೋದನ್ನ ಬಿಟ್ಟೆ, ಅಷ್ಟೇ," ಎಂದು ತೊಟ್ಟಿನ ಸಂಗತಿ ಹೇಳಿದಳು. ಜಿನ್ ಚಹಾ ಜಾಡಿಯೊಳಗೆ ಮುಖ ಹುದುಗಿಸಿದ.

ಷೆನ್ ತುಂಡನ್ನು ಯಂತ್ರದಡಿಯಿಂದ ತೆಗೆದು ಮೇಜಿನ ಮೇಲಿಟ್ಟ. ಆಮೇಲೆ, "ಹಾಗಾದ್ರೆ ಇಷ್ಟು ವರ್ಷ ಉಳಿದ ಎಂಟು ತೊಟ್ಟೀಲಿ?"

"ಬಿಡ್ತಾನೇ ಇದೀವಿ. ಬಿಡದಿದ್ರೆ ಕೆಡುತ್ತೆ."

"ಕಂಪ್ಯೂಟರಿಗೆ ಹಾಕೋಣ. ಒಂದು ತೊಟ್ಟು ಅಂತ."

"ಒಂದೇ ಅಲ್ಲ ಷೆನ್. ಕಪ್ಪಿಗೆ ಬೇಕಾಗಿಲ್ಲ. ಬೂದು ಬಣ್ಣಕ್ಕೆ ಒಂದು, ಗೋಧಿ ಬಣ್ಣಕ್ಕೆ ಅರ್ಧ. ಜೂನ್ ಮಳೇಲಿ ಬಾವಿ ನೀರು ತೆಳ್ಳಗಾಗುತ್ತೆ, ಆಗ ಕಮ್ಮಿ. ಚಳೀಲಿ ಜಾಸ್ತಿ."

"ಬರೆದುಕೊಡಿ. ಎರಡು ತಿಂಗಳು ಸಾಕಾ?"

"ಎರಡು ತಿಂಗಳಲ್ಲಿ ಚಳಿ ಎಲ್ಲಿಂದ ತರ್ಲಿ? ವರ್ಷ ಪೂರ್ತಿ ನೀರು ನೋಡಿನೇ ಬರೀಬೇಕು." ಉಪಾಯವೆಂದು ಹೇಳಿದ ಮಾತಲ್ಲ ಅದು; ಇದ್ದದ್ದೇ ಹಾಗೆ.

ಷೆನ್ ಅವಳ ಮಂಡಿಯ ಕಡೆ ನೋಡಿದ. ನಿವೃತ್ತಿಯವರ ಪಟ್ಟಿ ಅವನಿಗೂ ಗೊತ್ತಿತ್ತು. "ವರ್ಷ ಸಿಗಲ್ಲ. ಹನ್ನೊಂದು ತಿಂಗಳು ಕೂತು ಬರೀರಿ," ಎಂದು ತುಂಡು ತೆಗೆದುಕೊಂಡು ಹೋದ.

"ಗೆದ್ದೆ ಕಣೇ," ಎಂದ ಜಿನ್.

"ಕೈಲಿದ್ದದ್ದೆಲ್ಲ ಕೊಟ್ಟು ಹೋಗ್ಬೇಕು. ಇದನ್ನ ಗೆಲ್ಲೋದು ಅಂತಾರಾ?"

ಮೂರನೆಯ ತೊಟ್ಟಿಯಿಂದ ಗೋಧಿ ಬಣ್ಣದ ಬಟ್ಟೆ ಕಾಯುತ್ತಿದೆಯೆಂದು ಯಾರೋ ಕೂಗಿದರು. ಗ್ವೀಝೆನ್ ಅರ್ಧ ತೊಟ್ಟು ಕೆಂಪು ಬಿಟ್ಟಳು. ಆಮೇಲೆ ಹೊಸ ಪುಸ್ತಕ ಬಿಡಿಸಿ, ಕೆಲಸ ಕಲಿಸಿದ ಮುದುಕಿಯ ಬಳಿ ಮನಸ್ಸಿನಲ್ಲೇ ಕ್ಷಮೆ ಕೇಳಿ, ತಾರೀಖು ಹಾಕಿ ಆ ಅರ್ಧ ತೊಟ್ಟನ್ನು ಬರೆದಳು.